ಹತ್ತು ಕಿಲೋಮೀಟರಿನ ಊರು

ಹೊರನಾಡಿಗೆ ಹೋದ ಕನ್ನಡಿಗ ಮೊದಲು ಹುಡುಕೋದು ಮೂರು. ಒಳ್ಳೆ ಕಾಫಿಪುಡಿ, ಕನ್ನಡ ಪೇಪರು, ಕನ್ನಡ ಸಂಘ. ಮದ್ರಾಸಿನಲ್ಲಿ ಈ ಮೂರಕ್ಕೂ ಅಂಥ ತಾಪತ್ರಯವಿಲ್ಲ. ಕಾಫಿಯ ಮಾತು ಬಿಡಿ, ಅದು ಅವರದೇ ಊರು. ಟಿ. ನಗರದಲ್ಲಿ ಕರ್ನಾಟಕ ಸಂಘವಿದೆ, ಅದರದೇ ಶಾಲೆಯೂ ಇದೆ. ನಮ್ಮ ಕನ್ನಡ ಸಿನಿಮಾ ಎಷ್ಟೋ ವರ್ಷ ತಯಾರಾದದ್ದೇ ಈ ಊರಿನ ಸ್ಟುಡಿಯೋಗಳಲ್ಲಿ. ಆದರೆ ನಾಲ್ಕನೆಯದೊಂದು ಇದೆ. ಅದು ರೇಡಿಯೋ. ಮನೆ ಬಿಟ್ಟವನಿಗೆ ಅದರ ನೆನಪು ಬರೋದು ರಾತ್ರಿ ಹೊತ್ತು.

ಹಗಲಿನಲ್ಲಿ ಬೆಂಗಳೂರು ಆಕಾಶವಾಣಿ ಬೆಸೆಂಟ್ ನಗರದಲ್ಲಿ ಸಿಕ್ಕುವುದಿಲ್ಲ. ಕತ್ತಲಾದ ಮೇಲೆ ಮೀಡಿಯಂ ವೇವ್‌ನ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ದೂರಕ್ಕೆ ಬಂದು ಬೀಳುತ್ತವೆ. ಹಾಗಾಗಿ ಕೆಲವು ರಾತ್ರಿ 612 ಕಿಲೋಹರ್ಟ್ಸ್‌ನಲ್ಲಿ, ಗೊರಗೊರ ಸದ್ದಿನ ನಡುವೆ, ಕನ್ನಡ ಕೇಳಿಸುತ್ತಿತ್ತು. ಎಫ್‌ಎಂಗೆ ಈ ಗುಣವಿಲ್ಲ. ಅದು ಮುಂದೆ ಕಾಣುವಷ್ಟು ದೂರ ನೇರ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಮೀಡಿಯಂ ವೇವ್ ತವರಿನ ದನಿಯನ್ನು ಹೊತ್ತು ತರುತ್ತದೆ, ಎಫ್‌ಎಂ ಪಕ್ಕದ ಬೀದಿಯ ದನಿಯನ್ನು. ಹೊರನಾಡಿನಲ್ಲಿ ಇರುವವನಿಗೆ ಇವೆರಡರಲ್ಲಿ ಯಾವುದು ತನ್ನದು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ಕಾಲೇಜು ರೇಡಿಯೋದಿಂದ. ಅದರ ಕತೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮದ್ರಾಸಿನಲ್ಲಿ ರೇಡಿಯೋ ಶುರುಮಾಡಿದ್ದು ಸರ್ಕಾರ ಅಲ್ಲ. 1924ರ ಮೇ 16ರಂದು ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಅವರ ಸ್ನೇಹಿತರು ಸೇರಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಅಂತ ಕಟ್ಟಿದರು. ಅದೇ ಜುಲೈ 31ಕ್ಕೆ ಪ್ರಸಾರ ಆರಂಭ. ಮೊದಲು 40 ವ್ಯಾಟ್‌ನ ಟ್ರಾನ್ಸ್‌ಮೀಟರು, ಆಮೇಲೆ 200 ವ್ಯಾಟ್. ಸಂಜೆ ಹೊತ್ತು ಸಂಗೀತ, ಭಾಷಣ. ಹುಮ್ಮಸ್ಸಿಗೇನೂ ಕಡಿಮೆಯಿರಲಿಲ್ಲ, ದುಡ್ಡಿಗೆ ಇತ್ತು. ಮೂರು ವರ್ಷ ಎಳೆದು 1927ರ ಅಕ್ಟೋಬರಿನಲ್ಲಿ ಕ್ಲಬ್ಬು ಬಾಗಿಲು ಹಾಕಿತು. ಹಾಕುವಾಗ ಒಂದು ಒಳ್ಳೆ ಕೆಲಸ ಮಾಡಿತು. ಟ್ರಾನ್ಸ್‌ಮೀಟರನ್ನು ನಗರದ ಕಾರ್ಪೊರೇಷನ್‌ಗೆ ಕೊಟ್ಟಿತು. 1930ರ ಏಪ್ರಿಲ್ 1ರಿಂದ ಕಾರ್ಪೊರೇಷನ್ನೇ ರೇಡಿಯೋ ನಡೆಸಿತು. ನೀರು, ದೀಪ, ಚರಂಡಿಯ ಜೊತೆಗೆ ಸಂಗೀತವೂ ಪುರಸಭೆಯ ಜವಾಬ್ದಾರಿ ಆಯಿತು! 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದ್ರಾಸ್ ನಿಲಯ ಬರುವ ತನಕ ಇದು ನಡೆಯಿತು.

ಇದೇ ಕಾಲಕ್ಕೆ ನಮ್ಮ ಮೈಸೂರಿನಲ್ಲಿ ಇನ್ನೊಂದು ಸಾಹಸ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. 30 ವ್ಯಾಟ್‌ನ ಟ್ರಾನ್ಸ್‌ಮೀಟರು. ಇಟ್ಟ ಹೆಸರು ‘ಆಕಾಶವಾಣಿ’. ಜೊತೆಗೆ ದುಡಿದವರಲ್ಲಿ ನಮ್ಮ ಹಾಸ್ಯ ಸಾಹಿತಿ ನಾ. ಕಸ್ತೂರಿ ಒಬ್ಬರು. ನಮ್ಮಲ್ಲಿ ಕಾಲೇಜು ರೇಡಿಯೋ ಅನ್ನುವ ಮಾತು ಬರುವ ಮುಂಚೆಯೇ ಕಾಲೇಜು ಮೇಷ್ಟರೊಬ್ಬರು ರೇಡಿಯೋ ನಡೆಸಿದ್ದರು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಹೆಸರು ಇಡೀ ದೇಶಕ್ಕೆ ಹೋಯಿತು. ಇದರಲ್ಲಿ ಒಂದು ತಮಾಷೆ ಇದೆ. ಮೈಸೂರಿನಲ್ಲಿ ಟಂಕಿಸಿದ ಈ ಮಾತು ತಮಿಳುನಾಡಿನಲ್ಲಿ ಹಿಂದಿ ಹೇರಿಕೆಯ ಗುರುತಾಗಿ ಕಂಡದ್ದುಂಟು. ಇಲ್ಲಿ ರೇಡಿಯೋಗೆ ‘ವಾನೊಲಿ’ ಅಂತಾರೆ. ‘ಅದು ನಮ್ಮ ಮೈಸೂರಿನ ಮಾತು ಸ್ವಾಮಿ’ ಅಂತ ಎಷ್ಟು ಜನಕ್ಕೆ ಹೇಳೋಕಾಗುತ್ತೆ?

ಕ್ಲಬ್ಬು, ಮೇಷ್ಟರು, ಪುರಸಭೆ ಇವರೆಲ್ಲ ನಡೆಸುತ್ತಿದ್ದ ರೇಡಿಯೋ ಆಮೇಲೆ ಪೂರ್ತಿ ಸರ್ಕಾರದ್ದಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗಾಳಿಯೆಲ್ಲ ದಿಲ್ಲಿಯದೇ. ಬೀಗ ಸಡಿಲವಾಗಿದ್ದು ಕ್ರಿಕೆಟ್ಟಿನಿಂದ. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ಪ್ರಸಾರ ಮಾಡಬೇಕು ಅನ್ನುವ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರುವರಿ 9ರಂದು ತೀರ್ಪು ಬಂತು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಸ್ವಂತದ್ದಲ್ಲ. ಮರುವರ್ಷ, 1996ರಲ್ಲಿ, ಸಮುದಾಯ ರೇಡಿಯೋ ಬೇಕು ಅಂತ ಆಸಕ್ತರು ಸೇರಿ ಒಂದು ಘೋಷಣೆ ಹೊರಡಿಸಿದ್ದು ಬೆಂಗಳೂರಿನಲ್ಲಿ. ಅದಕ್ಕೆ ಬೆಂಗಳೂರು ಘೋಷಣೆ ಅಂತಲೇ ಹೆಸರು.

ಸರ್ಕಾರ 2002ರ ಡಿಸೆಂಬರಿನಲ್ಲಿ ಅರ್ಧ ಬಾಗಿಲು ತೆರೆಯಿತು. ವಿಶ್ವವಿದ್ಯಾಲಯ, ಕಾಲೇಜು, ಐಐಟಿಗಳಂಥ ಸಂಸ್ಥೆಗಳಿಗೆ ಮಾತ್ರ ಅನುಮತಿ. ಹಳ್ಳಿಯವರಿಗೆ, ಸ್ವಯಂಸೇವಾ ಸಂಘಗಳಿಗೆ ಇಲ್ಲ. ಅದೇ ಹೊತ್ತಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ನಡೆಸುತ್ತಿದ್ದವರು ಗಾಳಿಯಲ್ಲಿ ಬಿಡುವ ಹಾಗಿಲ್ಲ ಅಂತ ಮನೆಮನೆಗೆ ಕೇಬಲ್ಲಿನಲ್ಲೇ ದನಿ ಮುಟ್ಟಿಸಿದರು. ಹಳ್ಳಿಗಳ ಬಾಗಿಲು ತೆರೆದದ್ದು 2006ರ ನವೆಂಬರಿನ ಹೊಸ ನಿಯಮದಿಂದ. 2008ರ ಅಕ್ಟೋಬರಿನಲ್ಲಿ ಆಗಿನ ಮೇದಕ್ ಜಿಲ್ಲೆಯ ಪಸ್ತಾಪುರದ ದಲಿತ ಹೆಂಗಸರು ‘ಸಂಗಂ ರೇಡಿಯೋ’ ಶುರು ಮಾಡಿದರು.

ಈ ನಡುವಿನ ನಾಲ್ಕು ವರ್ಷವೇ ನನಗೆ ಮುಖ್ಯ ಅನ್ನಿಸೋದು. ಆಗ ಮೈಕು ಇದ್ದದ್ದು ಕಾಲೇಜುಗಳ ಕೈಯಲ್ಲಿ ಮಾತ್ರ. ಅದು ಸಿಕ್ಕಿದ್ದು ಹುಡುಗರು ಹಾಡು ಹಾಕಿಕೊಂಡು ಕುಣಿಯಲಿ ಅಂತಲ್ಲ. ಮಾತಾಡುವ ಹಕ್ಕು ಇನ್ನೂ ಸಿಗದವರ ಪರವಾಗಿ, ಒತ್ತೆ ಇಟ್ಟ ಹಾಗೆ ಸಿಕ್ಕಿದ್ದು. ಯಾರು ಹಾಗೆ ತಿಳಿದರೋ ಅವರದ್ದು ಸಮುದಾಯ ರೇಡಿಯೋ ಆಯಿತು.

ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ ‘ಅಣ್ಣಾ ಎಫ್‌ಎಂ’. ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯದಿಂದ 90.4 ಮೆಗಾಹರ್ಟ್ಸ್‌ನಲ್ಲಿ, 2004ರ ಫೆಬ್ರುವರಿ 1ರಂದು, ಆಗಿನ ಉಪಪ್ರಧಾನಿ ಎಲ್.ಕೆ. ಅಡ್ವಾಣಿ ಉದ್ಘಾಟಿಸಿದರು. ಹಿಂದೆ ನಿಂತು ಕಟ್ಟಿದವರು ಅಲ್ಲಿನ ಶೈಕ್ಷಣಿಕ ಮಾಧ್ಯಮ ಕೇಂದ್ರದ ಆರ್. ಶ್ರೀಧರ್. ಮರುವರ್ಷವೇ ನುಂಗಂಬಾಕ್ಕಂನ ಎಂ.ಓ.ಪಿ. ವೈಷ್ಣವ ಮಹಿಳಾ ಕಾಲೇಜಿನಲ್ಲೂ ಒಂದು ಕೇಂದ್ರ ಬಂತು, 107.8ರಲ್ಲಿ. ಇವೆರಡಕ್ಕೂ ಕೇಳುಗರು ಅಂದರೆ ಬರೀ ವಿದ್ಯಾರ್ಥಿಗಳಲ್ಲ. ಸುತ್ತಲಿನ ಬಡಾವಣೆಯ ಹೆಂಗಸರು, ಕೂಲಿಯವರು, ಮನೆಗೆಲಸದವರು. ಹೆಂಗಸರ ಆರೋಗ್ಯ, ಮಕ್ಕಳ ಊಟ, ಸ್ವಸಹಾಯ ಗುಂಪಿನ ಲೆಕ್ಕಪತ್ರ, ಬೀದಿಯ ನೀರಿನ ಸಮಸ್ಯೆ ಇವೇ ಅಲ್ಲಿನ ವಿಷಯ. ರೆಕಾರ್ಡರ್ ಹಿಡಿದುಕೊಂಡು ವಿದ್ಯಾರ್ಥಿಗಳು ಬಸ್ತಿಗೆ ಹೋಗಬೇಕು, ಬಸ್ತಿಯವರು ಸ್ಟುಡಿಯೋಗೆ ಬರಬೇಕು.

ನಿಯಮದ ಪ್ರಕಾರ ಇಂಥ ಕೇಂದ್ರದ ಶಕ್ತಿ 100 ವ್ಯಾಟ್, ಆಂಟೆನಾ 30 ಮೀಟರಿಗಿಂತ ಎತ್ತರ ಹೋಗೋ ಹಾಗಿಲ್ಲ. ಹೆಚ್ಚೆಂದರೆ ಹತ್ತು ಕಿಲೋಮೀಟರು ಕೇಳಿಸುತ್ತದೆ. ಗಿಂಡಿಯಿಂದ ಬೆಸೆಂಟ್ ನಗರಕ್ಕೆ ಕಾಗೆ ಹಾರಿದರೆ ನಾಲ್ಕೈದು ಕಿಲೋಮೀಟರು, ನಡುವೆ ಐಐಟಿಯ ಮರಗಳು, ಅಡಯಾರು. ಅಂದರೆ ನಾವು ಆ ವೃತ್ತದ ಒಳಗೆ.

ಈ ಬೆಸೆಂಟ್ ನಗರ ಒಂದೂರಲ್ಲ, ಎರಡೂರು. ಹೌಸಿಂಗ್ ಬೋರ್ಡು ಕಟ್ಟಿದ ಬಡಾವಣೆ ಒಂದು, ಅಲ್ಲಿ ನಿವೃತ್ತ ಅಧಿಕಾರಿಗಳು, ನಮ್ಮಂಥ ಬಾಡಿಗೆಯವರು. ಅದರ ಅಂಚಿನಲ್ಲೇ, ಮರಳಿನ ಮೇಲೆ, ಊರೂರ್ ಕುಪ್ಪಂ, ಓಡೈ ಕುಪ್ಪಂ ಅನ್ನೋ ಬೆಸ್ತರ ಹಳ್ಳಿಗಳು. ಹೆಸರುಗಳನ್ನೇ ನೋಡಿ. ಬೆಸೆಂಟ್ ಅಂದರೆ ಆನಿ ಬೆಸೆಂಟ್, ಲಂಡನ್ನಿನಲ್ಲಿ ಹುಟ್ಟಿ ಅಡಯಾರಿನ ಥಿಯಾಸಾಫಿಕಲ್ ಸೊಸೈಟಿಗೆ ಬಂದು ಇಲ್ಲೇ ಮಣ್ಣಾದವರು. ಪಕ್ಕದ ಆಲ್ಕಾಟ್ ಕುಪ್ಪಂನ ಆಲ್ಕಾಟ್ ಅಮೆರಿಕದವರು, 1894ರಲ್ಲೇ ದಲಿತ ಮಕ್ಕಳಿಗೆ ಉಚಿತ ಶಾಲೆ ತೆರೆದವರು. ಬೀಚಿನಲ್ಲಿ ನಿಂತಿರುವ ಬಿಳಿ ಕಮಾನು ಕಾರ್ಲ್ ಸ್ಮಿತ್ ಎಂಬ ಡೆನ್ಮಾರ್ಕಿನವನ ನೆನಪಿಗೆ, 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಹೋದವನು. ಹೊರಗಿನಿಂದ ಬಂದವರ ಹೆಸರಿನಲ್ಲೇ ಇರುವ ಊರು ಇದು. ಆದರೂ ಬಡಾವಣೆಗೂ ಕುಪ್ಪಂಗೂ ನಡುವಿನ ರಸ್ತೆಯನ್ನು ದಾಟಿ ಮಾತಾಡುವವರು ಕಡಿಮೆ.

ಆ ರಸ್ತೆಯನ್ನು ಸದ್ದಿಲ್ಲದೆ ದಾಟಿದ ಒಂದು ವಸ್ತು ಈ 90.4. ನಮ್ಮ ಬೀದಿಯ ಇಸ್ತ್ರಿ ಗಾಡಿಯ ಮೇಲೆ ಒಂದು ಸಣ್ಣ ಸೆಟ್ಟು ಇರುತ್ತಿತ್ತು. ಬಟ್ಟೆ ಕೊಡಲು ಹೋದವರು ಎರಡು ನಿಮಿಷ ನಿಲ್ಲುತ್ತಿದ್ದರು. ರಕ್ತಹೀನತೆ ಬಗ್ಗೆ ಡಾಕ್ಟರು ಹೇಳುತ್ತಿದ್ದರೆ, ಅಪ್ಪಟ ಮದ್ರಾಸ್ ತಮಿಳಿನಲ್ಲಿ ಒಬ್ಬಾಕೆ ಅಡ್ಡ ಪ್ರಶ್ನೆ ಹಾಕುತ್ತಿದ್ದಳು. ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತದೆ, ಏನು ಮಾಡಲಿ? ಕಮರ್ಷಿಯಲ್ ಸ್ಟೇಷನ್ನಿನಲ್ಲಿ ಅಂಥ ದನಿ ಬರೋದು ಹಾಸ್ಯಕ್ಕೆ ಮಾತ್ರ. ಇಲ್ಲಿ ಅದು ಪ್ರಶ್ನೆ ಕೇಳುವ ದನಿ. ಪುಸ್ತಕದ ತಮಿಳು ನನಗೆ ಎಂದೂ ಪೂರ್ತಿ ಒಗ್ಗಲಿಲ್ಲ. ಬೀದಿಯ ತಮಿಳು ಬಂದದ್ದು ಅರ್ಧ ಮಾರ್ಕೆಟ್ಟಿನಿಂದ, ಅರ್ಧ ಈ ರೇಡಿಯೋದಿಂದ. ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿದರೆ ಅದರ ವೈರೇ ಆಂಟೆನಾ ಆಗುತ್ತಿದ್ದ ಕಾಲ ಅದು. ಬಸ್ಸಿನಲ್ಲಿ ಕೂತೂ ಕೇಳಬಹುದಿತ್ತು. ಮುಂದೆ ಎಷ್ಟೋ ಸ್ಮಾರ್ಟ್‌ಫೋನುಗಳು ಎಫ್‌ಎಂ ಅನ್ನೇ ಕೈಬಿಟ್ಟವು.

ಹಾಗಂತ ಎಲ್ಲ ಸರಿಯಿತ್ತು ಅನ್ನಲಾರೆ. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸಮುದ್ರ ಉಕ್ಕಿ ಕುಪ್ಪಂಗಳ ಮೇಲೆ ಬಂತು. ಆಗ ಆ ಕೇಂದ್ರಕ್ಕೆ ಹನ್ನೊಂದು ತಿಂಗಳು. ಕ್ಯಾಂಪಸ್ ರೇಡಿಯೋ ಸುದ್ದಿ ಹೇಳಕೂಡದು ಅನ್ನುವುದು ಅಂದಿನ ನಿಯಮ. ಪಪ್ಪಾಯಿ ಯಾಕೆ ಒಳ್ಳೆಯದು ಅಂತ ಹೇಳಬಹುದು, ಪಕ್ಕದ ಬೀದಿಯಲ್ಲಿ ಏನಾಯಿತು ಅನ್ನುವುದು ಮಾತ್ರ ಸುದ್ದಿ! ಸಮುದಾಯ ರೇಡಿಯೋ ಯಾಕೆ ಬೇಕು ಅನ್ನುವುದಕ್ಕೆ ಆ ಒಂದು ಬೆಳಿಗ್ಗೆಗಿಂತ ದೊಡ್ಡ ವಾದ ಬೇಕಿಲ್ಲ. ಪಾಠ ಕಲಿಯಲು ಹನ್ನೊಂದು ವರ್ಷ ಹಿಡಿಯಿತು. 2015ರ ಮಳೆ, ಪ್ರವಾಹದಲ್ಲಿ ಕಡಲೂರಿನಲ್ಲಿ ತಾತ್ಕಾಲಿಕವಾಗಿ ಒಂದು ತುರ್ತು ರೇಡಿಯೋವನ್ನೇ ಎಬ್ಬಿಸಿದರು, 107.8ರಲ್ಲಿ. ಪರಿಹಾರ ಎಲ್ಲಿ ಸಿಗುತ್ತದೆ, ಡಾಕ್ಟರು ಎಲ್ಲಿದ್ದಾರೆ ಅನ್ನುವುದನ್ನು ಅದು ಹೇಳಿತು.

ಇನ್ನು ದುಡ್ಡಿನ ಮಾತು. 1927ರಲ್ಲಿ ಕ್ಲಬ್ಬನ್ನು ಮುಳುಗಿಸಿದ ಪ್ರಶ್ನೆ ಈಗಲೂ ಅದೇ. ಅಮೆರಿಕದ ಬರ್ಕ್‌ಲಿಯಲ್ಲಿ 1949ರಲ್ಲಿ ಶುರುವಾದ ಕೆಪಿಎಫ್‌ಎ ಎಂಬ ಕೇಂದ್ರ ಕೇಳುಗರ ಚಂದಾದಿಂದಲೇ ನಡೆಯುವ ದಾರಿ ತೋರಿತು. ಅಲ್ಲಿನ ಎಷ್ಟೋ ಕಾಲೇಜು ರೇಡಿಯೋಗಳು ವರ್ಷಕ್ಕೊಮ್ಮೆ ಕೇಳುಗರ ಮುಂದೆ ಸೆರಗೊಡ್ಡುತ್ತವೆ. ನಮ್ಮಲ್ಲಿ ಕುಪ್ಪಂನ ಹೆಂಗಸಿನ ಹತ್ತಿರ ಚಂದಾ ಕೇಳೋದು ಹೇಗೆ? 2006ರ ನಿಯಮ ಗಂಟೆಗೆ 5 ನಿಮಿಷ ಜಾಹೀರಾತಿಗೆ ಒಪ್ಪಿತು, ಮುಂದೆ ಅದು 7 ಆಯಿತು, 2024ರಲ್ಲಿ 12ಕ್ಕೆ ಏರಿತು. ಆದರೆ ಇಂಥ ಕೇಂದ್ರ ನಿಜವಾಗಿ ನಡೆಯೋದು ಜನ ಕೊಡುವ ಹೊತ್ತಿನಿಂದ. ಮಧ್ಯಾಹ್ನ ಕೆಲಸ ಮುಗಿಸಿ ಬಂದ ಹೆಂಗಸು ಅರ್ಧ ಗಂಟೆ ಮೈಕಿನ ಮುಂದೆ ಕೂರುತ್ತಾಳಲ್ಲ, ಅದೇ ಚಂದಾ. ಆರೋಗ್ಯ ಶಿಬಿರಕ್ಕೆ ಶಾಮಿಯಾನ ಹಾಕಲು ಜಾಗ ಬಿಡುವುದು, ಯಾವ ಮನೆಯಲ್ಲಿ ಯಾರು ಹಾಡುತ್ತಾರೆ ಅಂತ ಹೇಳಿ ಕಳಿಸುವುದು ಕೂಡ ಚಂದಾನೇ.

ಇಲ್ಲೊಂದು ಸೂಕ್ಷ್ಮ ಇದೆ. ಕಾಲೇಜಿನ ಹುಡುಗರು ಎರಡು ಮೂರು ವರ್ಷಕ್ಕೆ ಪಾಸಾಗಿ ಹೋಗುತ್ತಾರೆ. ಬಸ್ತಿ ಅಲ್ಲೇ ಇರುತ್ತದೆ. ಹಾಗಾಗಿ ಕಾಲೇಜು ರೇಡಿಯೋದ ನೆನಪು ಉಳಿಯುವುದು ಕಾಲೇಜಿನಲ್ಲಲ್ಲ, ಬಸ್ತಿಯಲ್ಲಿ. ಮುಂಚೆ ಬಂದಿದ್ದ ಹುಡುಗಿ ಏನು ಕೇಳಿದ್ದಳು, ಯಾವುದನ್ನು ಪ್ರಸಾರ ಮಾಡ್ತೀವಿ ಅಂತ ಹೇಳಿ ಮಾಡಲಿಲ್ಲ, ಎಲ್ಲ ಅವರಿಗೆ ಗೊತ್ತು. ಹೊಸ ಬ್ಯಾಚಿಗೆ ಕೆಲಸ ಕಲಿಸುವವರೂ ಒಂದು ರೀತಿಯಲ್ಲಿ ಅವರೇ. ಬಂದು ಹೋಗುವವರನ್ನು ಇರುವವರು ನಿಭಾಯಿಸುತ್ತಾರೆ. ನಾವು ಹೊರನಾಡಿನವರೂ ಬಂದು ಹೋಗುವವರೇ ತಾನೆ?

ಸಂಘದಲ್ಲಿ ನನ್ನನ್ನು ಸೇರಿಸಿಕೊಳ್ಳುವುದು ನನ್ನ ಮಾತೃಭಾಷೆ ನೋಡಿ. ಅದರಲ್ಲಿ ತಪ್ಪೇನಿಲ್ಲ, ರಾಜ್ಯೋತ್ಸವಕ್ಕೆ ಅಲ್ಲಿ ಹೋಗದಿದ್ದರೆ ಸಮಾಧಾನವಾಗೋದಿಲ್ಲ. ಆದರೆ ಸಮುದಾಯ ರೇಡಿಯೋದ ಲೆಕ್ಕ ಬೇರೆ. ಆಂಟೆನಾ ಮುಟ್ಟುವಷ್ಟು ದೂರ ಯಾರಿದ್ದಾರೋ ಅವರೆಲ್ಲ ಸಮುದಾಯ. ಎಲ್ಲಿಂದ ಬಂದೆ ಅಂತ ಕೇಳೋದಿಲ್ಲ, ಕೇಳಿಸ್ತಾ ಇದೆಯಾ ಅಂತ ಕೇಳುತ್ತದೆ. ಆ ಲೆಕ್ಕದಲ್ಲಿ ನಾನು ಬೆಸೆಂಟ್ ನಗರದವನು, ಕುಪ್ಪಂನ ಹೆಂಗಸಿನ ಊರಿನವನು. ಕನ್ನಡ ಬರುವ ರಾತ್ರಿ ಸೆಟ್ಟೂ ನನ್ನದೇ, ಹಗಲಿನ ಈ ಸೆಟ್ಟೂ ನನ್ನದೇ.

ಇದನ್ನು ಊರಲ್ಲಿರುವ ನಿಮಗೆ ಹೇಳಲು ಕಾರಣವಿದೆ. ಕರ್ನಾಟಕದಲ್ಲೂ ಇಂಥ ಕೇಂದ್ರಗಳು ಬಂದವು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಅದೇ ವರ್ಷ ಬೆಂಗಳೂರಿನಲ್ಲಿ ಜೈನ್ ಸಂಸ್ಥೆಯ ‘ರೇಡಿಯೋ ಆಕ್ಟಿವ್’, 2009ರಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ‘ಸಾರಂಗ್’. ಸಾರಂಗ್‌ನವರು ಕನ್ನಡದ ಜೊತೆ ತುಳು, ಕೊಂಕಣಿಯಲ್ಲೂ ಮಾತಾಡಿದರು. ಸುತ್ತಲಿನ ಜನರ ಭಾಷೆ ಅದು, ಅದಕ್ಕೆ. ಈಗ ನಿಮ್ಮ ಊರಿನ ಹತ್ತು ಕಿಲೋಮೀಟರು ಎಣಿಸಿ ನೋಡಿ. ಕಟ್ಟಡ ಕೆಲಸಕ್ಕೆ ಬಂದ ಬಿಹಾರದವರು, ಒಡಿಶಾದಿಂದ ಬಂದ ಹುಡುಗರು, ಮೂರು ತಲೆಮಾರಿನಿಂದ ಇರುವ ತಮಿಳು ಮನೆಗಳು. ಅವರೂ ನಿಮ್ಮ ಆಂಟೆನಾದ ಒಳಗಿದ್ದಾರೆ. ಅವರ ಹತ್ತಿರ ಯಾರಾದರೂ ಮೈಕು ಹಿಡಿದುಕೊಂಡು ಹೋಗಿದ್ದಾರಾ? ಹೋಗಿದ್ದರೆ ಆ ಕೇಂದ್ರಕ್ಕೆ ಒಂದು ಅರ್ಧ ಗಂಟೆ ನಿಮ್ಮದೂ ಕೊಡಿ.