ದೊರೆ ಒಲಿಯದ ನಾಡಿನಲ್ಲಿ ‘ದೊಡ್ಡ ಸ್ವಾಮಿಯವರು’



ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಹೆಸರನ್ನು ನೀವು ಕೇಳಿರುತ್ತೀರಿ. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಂತ ಅಂತೋಣಿಯವರ ಪ್ರತಿಮೆ ಸಿಕ್ಕಿತೆಂದು ಅಲ್ಲಿನ ಐತಿಹ್ಯ. ಜೂನ್ 13ರ ಹಬ್ಬಕ್ಕೆ ಸೇರುವವರಲ್ಲಿ ಎಲ್ಲ ಮತಗಳವರೂ ಇದ್ದಾರೆ. ಹರಕೆ ಹೊತ್ತವರ ಜಾತಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದ ಧರ್ಮವೊಂದು ಒಂದು ಊರಿನ ಸ್ವಂತದ್ದಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ದೂರದ ಇಂಗ್ಲೆಂಡಿಗೆ ಹೋಗಿಬರೋಣ.

ಕ್ರಿ.ಶ. 597ರಲ್ಲಿ ಅಗಸ್ಟೀನ್ ಎಂಬ ಸನ್ಯಾಸಿ ಸುಮಾರು 40 ಮಂದಿ ಸಂಗಡಿಗರೊಡನೆ ಕೆಂಟ್ ರಾಜ್ಯದ ತೀರದಲ್ಲಿ ಇಳಿದರು. ಅವರನ್ನು ಕಳುಹಿಸಿದವರು ರೋಮಿನ ಪೋಪ್ ಗ್ರೆಗರಿ. ಕೆಂಟ್‌ನ ದೊರೆ ಎಥೆಲ್ಬರ್ಟ್‌ನ ರಾಣಿ ಮೊದಲೇ ಕ್ರೈಸ್ತಳಾಗಿದ್ದಳು. ಮುಂದೆ ದೊರೆಯೂ ದೀಕ್ಷೆ ಪಡೆದ. ದೊರೆಯ ಹಿಂದೆ ಪ್ರಜೆಗಳು ನಡೆದರು. ಹಳೆಯ ಗುಡಿಗಳನ್ನು ಕೆಡವಬೇಡಿ, ಶುದ್ಧಗೊಳಿಸಿ ಬಳಸಿರಿ ಎಂದು 601ರಲ್ಲಿ ಗ್ರೆಗರಿ ಬರೆದು ಕಳುಹಿಸಿದರು. ಆದರೆ 616ರಲ್ಲಿ ಎಥೆಲ್ಬರ್ಟ್ ತೀರಿಕೊಂಡಾಗ ಅವನ ಮಗ ಹಳೆಯ ದೇವರುಗಳ ಕಡೆಗೇ ಇದ್ದ. ಲಂಡನ್ನಿನ ಬಿಷಪ್ ಮೆಲ್ಲಿಟಸ್ ಊರು ಬಿಡಬೇಕಾಯಿತು. ದೊರೆಯಿಂದ ಬಂದದ್ದು ದೊರೆಯೊಡನೆಯೇ ಹೋಗಬಹುದು ಎಂಬುದಕ್ಕೆ ಇದೊಂದು ನಿದರ್ಶನ. ಮಗನೂ ಮುಂದೆ ದೀಕ್ಷೆ ಪಡೆದ ಮೇಲಷ್ಟೇ ಕೆಂಟ್‌ನಲ್ಲಿ ಕಾರ್ಯ ಮುಂದುವರಿಯಿತು.

ಈಗ ನಮ್ಮ ಮೈಸೂರು ಸೀಮೆಗೆ ಬನ್ನಿ. 17ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ಕೈ ಹಾಕಿದ ಮೊದಲ ಕೆಲಸಗಳಲ್ಲಿ ಕನ್ನಡ ಕಲಿಯುವುದೂ ಒಂದು. ನಮ್ಮ ದೊರೆಗಳು ಎಥೆಲ್ಬರ್ಟ್‌ನಂತೆ ಮತ ಬದಲಿಸಲಿಲ್ಲ. ಆದ್ದರಿಂದ ಇಲ್ಲಿ ಕ್ರೈಸ್ತ ಧರ್ಮ ಅರಮನೆಯಿಂದ ಇಳಿದು ಬರಲಿಲ್ಲ. ಹಳ್ಳಿಯ ಮಣ್ಣಿನಲ್ಲೇ ಬೇರು ಹುಡುಕಬೇಕಾಯಿತು.

ಆ ಬೇರಿಗೆ ನೀರೆರೆದವರಲ್ಲಿ ಮುಖ್ಯರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಅವರು ಬಿಷಪ್ ಆಗಿರಲಿಲ್ಲ. ಮೈಸೂರಿನ ಮೊದಲ ಧರ್ಮಾಧಿಪತಿಯಾಗಿ ಶಾರ್ಬೊನೊ ನೇಮಕಗೊಂಡದ್ದು 1850ರಲ್ಲಿ. ದುಬುವಾ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಹೊಣೆ ಹೊತ್ತರು. 1784ರಲ್ಲಿ ಕೆನರಾದಿಂದ ಸೆರೆಯಾಗಿ ಬಂದು ಚದುರಿಹೋಗಿದ್ದವರೂ ಅವರಲ್ಲಿ ಇದ್ದರು. ಈ ನಾಡಿನ ಉಡುಪನ್ನೇ ಉಟ್ಟು, ಈ ನಾಡಿನ ಊಟವನ್ನೇ ಉಂಡ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ನೆಲೆ ತಪ್ಪಿದವರಿಗಾಗಿ ಅವರು ಬೇಸಾಯದ ಊರುಗಳನ್ನು ಕಟ್ಟಿದರು. ಹಾಸನದ ಬಳಿಯ ಸಾತಳ್ಳಿ ಅವುಗಳಲ್ಲೊಂದು.

ವಿಜ್ಞಾನ ಓದಿದ ನನಗೆ ಅವರ ಇನ್ನೊಂದು ಕೆಲಸ ಇನ್ನೂ ದೊಡ್ಡದಾಗಿ ಕಾಣುತ್ತದೆ. ಸಿಡುಬು ಬಂದರೆ ಮಾರಮ್ಮನ ಮುನಿಸೆಂದು ಊರೇ ನಡುಗುತ್ತಿದ್ದ ಕಾಲವದು. ಎಡ್ವರ್ಡ್ ಜೆನ್ನರ್ ದನದ ಸಿಡುಬಿನಿಂದ ಲಸಿಕೆ ಕಂಡುಹಿಡಿದದ್ದು 1796ರಲ್ಲಿ. ಅದು ಬೊಂಬಾಯಿಗೆ ತಲುಪಿದ್ದು 1802ರಲ್ಲಿ. ಆಗ ಶೀತಲಪೆಟ್ಟಿಗೆಗಳಿರಲಿಲ್ಲ. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನ ಬೊಕ್ಕೆಯ ರಸವೇ ಮುಂದಿನ ಮಗುವಿಗೆ ಲಸಿಕೆ. ಸರಪಳಿ ಎಲ್ಲಿ ಕಡಿಯಿತೋ ಅಲ್ಲಿಗೆ ಲಸಿಕೆ ಮುಗಿಯಿತು. ಪರಿಚಯವಿಲ್ಲದವನ ಕೈಗೆ ತಾಯಿ ತನ್ನ ಕೂಸಿನ ತೋಳನ್ನು ಕೊಡುವಳೇ? ನಂಬಿಕೆ ಇದ್ದರೆ ಮಾತ್ರ ಅದು ಸಾಧ್ಯ. ಮೈಸೂರು ಸೀಮೆಯಲ್ಲಿ ದುಬುವಾ ಈ ಕೆಲಸಕ್ಕೆ ಟೊಂಕ ಕಟ್ಟಿದರು.

ದುಬುವಾ ಅವರ ಎಲ್ಲ ಮಾತನ್ನೂ ನಾವು ಒಪ್ಪಬೇಕಿಲ್ಲ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಅದರಲ್ಲಿ ಕಟುವಾದ ತೀರ್ಪುಗಳಿವೆ. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸುಯಿಟ್ ಪಾದ್ರಿ ಕೇರ್ದೂ ಅವರ ಬರಹದಿಂದ ಬಂದದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು.

1823ರಲ್ಲಿ ದುಬುವಾ ಸ್ವದೇಶಕ್ಕೆ ಹಿಂದಿರುಗಿದರು. ಭಾರತದಲ್ಲಿ ಮತಾಂತರದ ಕೆಲಸ ಫಲಿಸುವುದಿಲ್ಲವೆಂಬ ಅರ್ಥದ ಪತ್ರಗಳನ್ನು ಅದೇ ವರ್ಷ ಪ್ರಕಟಿಸಿದರು. ಮೂವತ್ತು ವರ್ಷ ದುಡಿದವರ ಮಾತು ಇದು! ಇತರ ಪಾದ್ರಿಗಳು ಸಿಟ್ಟಿನಿಂದ ಉತ್ತರ ಬರೆದರು. ದುಬುವಾ 1848ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಅವರ ನಿರಾಶೆ ಸರಿಯೇ? ದೀಕ್ಷೆ ಪಡೆದ ತಲೆಗಳನ್ನು ಎಣಿಸಿದರೆ ಸರಿ ಎನ್ನಬಹುದು. ಆದರೆ ಮೈಸೂರಿನಲ್ಲಿ 1933ರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು; ಅದಕ್ಕಾಗಿ ಅವರು ತಮ್ಮ ದೇವರನ್ನು ಬಿಡಬೇಕಾಗಲಿಲ್ಲ. ಡೋರ್ನಹಳ್ಳಿಯಲ್ಲಿ ಹರಕೆ ತೀರಿಸಿ, ಬರುವ ದಾರಿಯಲ್ಲಿ ಊರ ಮಾರಮ್ಮನಿಗೂ ಕೈಮುಗಿಯುವ ತಾಯಿಯನ್ನು ಯಾವ ಪಟ್ಟಿಗೆ ಸೇರಿಸುವುದು? ಕೆಂಟ್‌ನಲ್ಲಿ ದೊರೆ ಒಲಿದ ಮೇಲೆ ಜನ ಬಂದರು. ಇಲ್ಲಿ ಯಾರೂ ಯಾರನ್ನೂ ಗೆಲ್ಲಲಿಲ್ಲ. ಒಬ್ಬರೊಡನೊಬ್ಬರು ಬಾಳಲು ಕಲಿತರು. ಈ ಕಲಿಕೆಯನ್ನು ಕಾಪಾಡಿಕೊಳ್ಳುವ ಭಾರ ಈಗ ನಿಮ್ಮ ಮತ್ತು ನಮ್ಮೆಲ್ಲರ ಮೇಲಿದೆ.