ಕಲ್ಲಿನ ಗುರುತು, ಕೋಡಿನ ಗುರುತು

ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲು ಪುಷ್ಕರಣಿಯೊಂದಿದೆ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದದ್ದು. ಗಮನಿಸಿ ನೋಡಿದರೆ ಅದರ ಕರಿಕಲ್ಲುಗಳ ಮೇಲೆ ಸಣ್ಣ ಸಣ್ಣ ಗುರುತುಗಳು ಕಾಣುತ್ತವೆ. ಈ ಕಲ್ಲು ಯಾವ ದಿಕ್ಕಿನದು, ಎಷ್ಟನೆಯ ಸಾಲಿನದು, ಸಾಲಿನಲ್ಲಿ ಎಲ್ಲಿ ಕೂರಬೇಕು ಎಂದು ಕಲ್ಲುಕುಟಿಗರು ಕೆತ್ತಿಕೊಂಡ ಗುರುತುಗಳು ಅವು. ಕಟ್ಟಿದವರು ಹೋಗಿ ಶತಮಾನಗಳಾದ ಮೇಲೂ ಕಟ್ಟಿದ ಕ್ರಮವನ್ನು ಕಲ್ಲೇ ಹೇಳುತ್ತದೆ.

ನನಗೆ ಅಂಥ ವಿವೇಕ ಇರಲಿಲ್ಲ. 2007ರಲ್ಲಿ ಹೊಸಪೇಟೆಯಲ್ಲಿ ಕೂತು, ಸಂಡೂರಿನ ಅದಿರು ಸಾಗಣೆಯ ಕಚೇರಿಯೊಂದಕ್ಕೆ ಲಾರಿ ಬಾಡಿಗೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟೆ. ಅದಿರಿನ ಭರಾಟೆಯ ಕಾಲ. ಬೇಗ ಮುಗಿದರೆ ಸಾಕಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕೆಲಸ ಮತ್ತೆ ಶುರುವಾದಾಗ ಲೆಕ್ಕದ ಕ್ರಮ ಬದಲಾಗಿತ್ತು. ತಿದ್ದಲು ಕೂತ ಕಂಪ್ಲಿಯ ಹುಡುಗ ಮೂರನೇ ದಿನ ಫೋನ್ ಮಾಡಿದ: 'ಸರ್, ಈ ಟಿ2 ಅಂದ್ರೆ ಟನ್ನೋ, ಟ್ರಿಪ್ಪೋ?' ಬರೆದವನಿಗೇ ನೆನಪಿರಲಿಲ್ಲ. ಊಹೆ ತಪ್ಪಿದರೆ ಚಾಲಕರ ಹಳೆಯ ಬಾಕಿಯೆಲ್ಲ ತಲೆಕೆಳಗಾಗುತ್ತಿತ್ತು.

ಈ ಪಾಡು ಹೊಸದಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ 1978ರಲ್ಲಿ 'ಲಿಂಟ್' ಎಂಬ ಸಾಧನ ರೂಪಿಸಿದರು. ಬಟ್ಟೆಗೆ ಅಂಟುವ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಸಿ ಭಾಷೆಯ ಕಂಪೈಲರ್ ಸುಮ್ಮನೆ ಬಿಟ್ಟುಬಿಡುತ್ತಿದ್ದ ಅನುಮಾನದ ಸಾಲುಗಳನ್ನು ಅದು ಹೆಕ್ಕಿ ತೋರಿಸುತ್ತಿತ್ತು. ಪ್ರೋಗ್ರಾಮನ್ನು ಓಡಿಸುವುದಿಲ್ಲ, ಪಠ್ಯವನ್ನಷ್ಟೇ ಓದುತ್ತದೆ, ಕರಡು ತಿದ್ದುವವರ ಹಾಗೆ. ಅದಕ್ಕೂ ಎರಡು ವರ್ಷ ಮೊದಲು, 1976ರಲ್ಲಿ, ಥಾಮಸ್ ಮೆಕ್‌ಕೇಬ್ ಜಟಿಲತೆಗೊಂದು ಅಳತೆ ಕೊಟ್ಟಿದ್ದರು. ಫಂಕ್ಷನ್ನಿನೊಳಗೆ ಒಂದೊಂದು 'ಇಫ್' ಬಂದಂತೆ, ಒಂದೊಂದು ಲೂಪ್ ಬಂದಂತೆ ದಾರಿ ಒಂದು ಹೆಚ್ಚುತ್ತದೆ. ಎಣಿಕೆ 10 ದಾಟಿದರೆ ಅದನ್ನು ಒಡೆಯುವುದು ಒಳ್ಳೆಯದೆಂದು ಅವರ ಸಲಹೆ.

ಹುಡುಗ ಅಂಥದೇ ಸಾಧನವನ್ನು ನನ್ನ ಕೋಡಿನ ಮೇಲೆ ಓಡಿಸಿದ. ಒಂದೇ ಫಂಕ್ಷನ್ನಿನಲ್ಲಿ ದಾರಿಗಳು 40 ದಾಟಿದ್ದವು. ಒಂದೇ ಬಾಡಿಗೆ ಲೆಕ್ಕವನ್ನು ಮೂರು ಕಡೆ ನಕಲು ಮಾಡಿದ್ದೆ. ಮುಂದೊಮ್ಮೆ ದರ ಬದಲಿಸುವಾಗ ಎರಡನ್ನು ತಿದ್ದಿ ಮೂರನೆಯದನ್ನು ಮರೆತಿದ್ದೆ. ಕೆಲವು ಚಾಲಕರಿಗೆ ಅಷ್ಟು ದಿನ ಹಳೆಯ ದರವೇ ಸಂದಿತ್ತು. ಯಂತ್ರ 'ಇವು ಒಂದೇ ಥರ ಇವೆ' ಎಂದಷ್ಟೇ ಹೇಳಿತು; ಅನ್ಯಾಯ ಕಂಡದ್ದು ಹುಡುಗನಿಗೆ. ಕಚೇರಿಯವರು ಲೆಕ್ಕ ತೆಗೆದು ವ್ಯತ್ಯಾಸ ಕೊಟ್ಟರು. ಲೆಕ್ಕವನ್ನು ಒಂದೇ ಕಡೆ ಇಟ್ಟು, ದೊಡ್ಡ ಫಂಕ್ಷನ್ನನ್ನು ಸಣ್ಣ ಸಣ್ಣದಾಗಿ ಒಡೆದೆವು.

ಆದರೆ ಟಿ2? 'ಹೆಸರು ತೀರಾ ಚಿಕ್ಕದು' ಎಂದಿತು ಸಾಧನ. ಅರ್ಥ ಅದಕ್ಕೆ ಗೊತ್ತಿಲ್ಲ. ಹಳೆಯ ಟ್ರಿಪ್ ಶೀಟುಗಳ ಕಟ್ಟು ಬಿಚ್ಚಿ, ಮೊತ್ತ ತಾಳೆ ನೋಡಿದ ಮೇಲೆ ಅದು ಟ್ರಿಪ್ಪು ಎಂದು ತಿಳಿಯಿತು.

ವಿಜಯನಗರ ಕಾಲದ ಕಾಲುವೆಗಳು ಹಂಪಿ, ಕಂಪ್ಲಿಗಳ ಗದ್ದೆಗೆ ಇಂದಿಗೂ ನೀರುಣಿಸುತ್ತಿವೆ. ಕಟ್ಟಿದ್ದಷ್ಟೇ ಅದಕ್ಕೆ ಕಾರಣವಲ್ಲ, ಹೂಳು ತೆಗೆಯುತ್ತ ಬಂದದ್ದೂ ಹೌದು. ಹೂಳು ಎಲ್ಲಿದೆಯೆಂದು ಯಂತ್ರ ತೋರಿಸೀತು. ಗುರುತು ಕೆತ್ತಬೇಕಾದವರು ಮಾತ್ರ ಕಲ್ಲು ಇಡುವವರೇ. ಈಗ ನಾನು ಹೆಸರುಗಳನ್ನು ಪೂರ್ತಿ ಬರೆಯುತ್ತೇನೆ.