ಸ್ವಿಚ್ಚಿನೊಳಗಿನ ಪೆನ್ನಿನ ಸ್ಪ್ರಿಂಗು

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸುತ್ತಾರೆ. ಗಾಡಿಗಳು ನಿಲ್ಲಲಿಲ್ಲ, ಆಮೇಲಿನ ಕಥೆ ಮೆಕ್ಯಾನಿಕ್‌ಗಳದು.

ತೊಣ್ಣೂರಿನಲ್ಲಿ ನಾನು ಬಿಚ್ಚಿದ ಹಳೆಯ ಜಾವಾದ ಲೈಟ್ ಸ್ವಿಚ್ಚಿನಲ್ಲಿ ಅದರ ಒಂದು ಪುಟ ಸಿಕ್ಕಿತು. ಹಿತ್ತಾಳೆ ಪಟ್ಟಿಗೆ ಕಿಲುಬು ಹಿಡಿದಿತ್ತು. ಅದನ್ನು ಒತ್ತಿ ಹಿಡಿಯಲು ಹಿಂದೆ ಯಾರೋ ಬಾಲ್‌ಪೆನ್ನಿನ ಸ್ಪ್ರಿಂಗ್ ಕೂರಿಸಿದ್ದರು. ಈ ಗಾಡಿಯದು 6 ವೋಲ್ಟಿನ ವ್ಯವಸ್ಥೆ. 24 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 2 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ 4 ಬೇಕು. ಹಾಗಾಗಿ ಅಷ್ಟೇ ಕಿಲುಬು ಇಲ್ಲಿ ಎರಡರಷ್ಟು ವೋಲ್ಟು ನುಂಗುತ್ತದೆ, ಅದೂ ಇರುವ ಅರ್ಧದಲ್ಲಿ. ದೀಪ ಕೆಂಪಗೆ ಮಿಣುಕಿದರೆ ಜನ ಬ್ಯಾಟರಿಯನ್ನು ಬೈಯುತ್ತಾರೆ, ಪಾಪ.

ಪಟ್ಟಿಯನ್ನು ನುಣುಪಾದ ಉಪ್ಪುಕಾಗದದಲ್ಲಿ ಉಜ್ಜಿದೆ, ಸವೆದ ತುದಿಗೆ ಹಿತ್ತಾಳೆ ತಗಡಿನ ಚೂರನ್ನು ಬೆಸುಗೆ ಹಾಕಿದೆ. ನಕಲು ಸ್ವಿಚ್ಚು ಸಿಗುತ್ತದೆ, ಹಾಕುವುದೂ ಸಲೀಸು. ಹಾಕಿದರೆ ಆ ಸ್ಪ್ರಿಂಗು ಕಸಕ್ಕೆ ಹೋಗುತ್ತಿತ್ತು. ಹೆಸರು ತಿಳಿಯದ ಆ ಮೆಕ್ಯಾನಿಕ್ಕಿನ ಕೈಕೆಲಸಕ್ಕೆ ಬೇರೆ ಸಾಕ್ಷಿಯಿಲ್ಲ. ಅದನ್ನು ಅಲ್ಲೇ ಕೂರಿಸಿ ಮುಚ್ಚಿದೆ. ರಾತ್ರಿ ಕೆರೆ ಏರಿಯ ಗುಂಡಿಗಳ ಮೇಲೆ ಓಡಿಸಿದಾಗ ದೀಪ ಹಳದಿಯಾಗಿಯೇ ಇತ್ತು, ಆದರೆ ಆರಲಿಲ್ಲ.